ಕೈ ತೊಳೆದುಕೊಂಡು ಬನ್ನಿ

ಕೈ ತೊಳೆದುಕೊಂಡು ಬನ್ನಿ ಎಂದು ನನ್ನನ್ನು ಎಬ್ಬಿಸಿ ಕಳಿಸಿದರು.

ನನ್ನ ಕೈ! ಆ ಕಟ್ಟಡದಲ್ಲಿದ್ದ ಎಲ್ಲರ ಕೈಗಳನ್ನು ಸಾಲಾಗಿ ಇಟ್ಟು ನೋಡಿದ್ದರೂ ನನ್ನದರಷ್ಟು ತೊಳೆದ ಕೈ ಇನ್ನೊಂದು ಸಿಗುತ್ತಿರಲಿಲ್ಲ. ಶಾಲೆಗೆ ಹೋಗುವ ಕಾಲದಿಂದ ಅಮ್ಮನ ಜೊತೆ ಆಸ್ಪತ್ರೆಯ ಬಟ್ಟೆ ಒಗೆಯುತ್ತಿದ್ದೇನೆ. ನೀರು, ಸೋಡಾ, ಬ್ಲೀಚಿಂಗ್ ಪುಡಿ, ಮತ್ತೆ ನೀರು. ಆದರೂ ಎದ್ದು ಹೋದೆ. ಹೋಗು ಅಂದರೆ ಹೋಗುವುದು ಕಾಲಿಗೆ ಅಭ್ಯಾಸವಾಗಿತ್ತು.

ನಡೆದದ್ದು ಇಷ್ಟು. ವಿಶ್ವವಿದ್ಯಾಲಯದಲ್ಲಿ ಓದು ಮುಗಿಸುವವರು ಕೆಲಸ ಹುಡುಕಲು ಒಂದು ಜಾಲತಾಣವಿದೆ. ಅದರಲ್ಲಿ ನಮ್ಮ ಫೋಟೊ, ಅಂಕ, ಅನುಭವ ಹಾಕಬೇಕು. ಕಂಪನಿಯವರು ನೋಡಿ ಸಂದರ್ಶನಕ್ಕೆ ಕರೆಯುತ್ತಾರೆ. ಹಳೆಯ ತಾಣದಲ್ಲಿ ಸುಳ್ಳು ಹೆಸರಿನವರು ತುಂಬಿದ್ದಾರೆ ಎಂದು ಅದನ್ನು ಹೊಸದಾಗಿ ಕಟ್ಟುತ್ತಿದ್ದರು. ಈ ವರ್ಷದಿಂದ ಸಂದರ್ಶನಕ್ಕೆ ಅದೊಂದೇ ಬಾಗಿಲು ಎಂದು ವಿಶ್ವವಿದ್ಯಾಲಯ ಹೇಳಿಬಿಟ್ಟಿತ್ತು. ತೆರೆಯುವ ಮೊದಲು ಕೆಲವು ವಿದ್ಯಾರ್ಥಿಗಳನ್ನು ಕೂರಿಸಿ ಬಳಸಿ ನೋಡುವಂತೆ ಹೇಳುತ್ತಾರಂತೆ. ನಮ್ಮ ವಿಭಾಗದ ಮೇಷ್ಟ್ರು ನನ್ನನ್ನು ಕರೆದರು.

"ನೀನು ಹೋಗಮ್ಮ. ನಿನ್ನಂಥೋರು ಒಬ್ರು ಬೇಕಂತೆ."

"ನನ್ನಂಥೋರು ಅಂದ್ರೆ ಸಾರ್?"

"ಅದೇ... ನಿನ್ನಂಥೋರು." ಮೇಷ್ಟ್ರು ತಲೆಯೆತ್ತಿ ಫ್ಯಾನು ನೋಡಿದರು. ಅದು ತಿರುಗುತ್ತಿರಲಿಲ್ಲ.

ಚಿಕ್ಕ ಕೋಣೆ. ಚಳಿ ಹತ್ತುವಷ್ಟು ಎ.ಸಿ. ಮೇಜಿನ ಮೇಲೆ ಕಂಪ್ಯೂಟರು, ಪಕ್ಕದಲ್ಲಿ ಬೆಂಕಿಪೊಟ್ಟಣದಷ್ಟು ದೊಡ್ಡ ಕಪ್ಪು ಗಾಜಿನ ತುಂಡು. ಎದುರು ಗೋಡೆಯ ತುಂಬ ಕನ್ನಡಿ. ತಾಣ ಕಟ್ಟುವ ಕಂಪನಿಯ ಹುಡುಗಿಯೊಬ್ಬಳು ನನ್ನ ಪಕ್ಕ ಕೂತಳು. ಮುಖದ ಅರ್ಧ ಅವಳ ಕನ್ನಡಕವೇ ಇತ್ತು. ಕೈಯಲ್ಲಿದ್ದ ಕಾರ್ಡು ನೋಡಿಕೊಂಡು ಓದಿದಳು.

"ನಾವು ನಿಮ್ಮನ್ನ ಪರೀಕ್ಷೆ ಮಾಡ್ತಿಲ್ಲ. ತಾಣವನ್ನ ಪರೀಕ್ಷೆ ಮಾಡ್ತಿದ್ದೀವಿ. ನೀವು ತಪ್ಪು ಮಾಡೋದು ಅಂತ ಇಲ್ಲವೇ ಇಲ್ಲ. ಮನಸ್ಸಿಗೆ ಏನು ಬರುತ್ತೋ ಎಲ್ಲಾನೂ ಜೋರಾಗಿ ಹೇಳ್ತಾ ಹೋಗಿ. ಆ ಕನ್ನಡಿ ಹಿಂದೆ ನಮ್ಮ ಮೇಲಿನವರು ಇದ್ದಾರೆ. ಅವರು ಇಲ್ಲ ಅಂತ್ಲೇ ಅಂದ್ಕೊಳ್ಳಿ."

ಹುಟ್ಟಿದಾಗಿನಿಂದ ಯಾರೂ ನನಗೆ ಹಾಗೆ ಹೇಳಿರಲಿಲ್ಲ. ಬಾಯಿ ಮುಚ್ಚು ಅಂದವರೇ ಎಲ್ಲ. ನನಗೆ ಖುಷಿಯೇ ಆಯಿತು, ಅದನ್ನು ಮುಚ್ಚಿಡುವುದಿಲ್ಲ.

ಹೆಸರು ಹಾಕಿದೆ, ಗಲ್ಲಕ್ಕೆ ಕೈ ಊರಿದ ಫೋಟೊ ಹಾಕಿದೆ. ಸಂಖ್ಯಾಶಾಸ್ತ್ರದ ಅಂಕ ಹಾಕಿದೆ. ಅನುಭವ ಅಂತ ಒಂದು ಪುಟ ಬಂತು. 'ಆಸ್ಪತ್ರೆಯ ಬಟ್ಟೆ ಒಗೆಯುವ ಕೆಲಸ' ಎಂದು ಬರೆದೆ. ತಾಣ ತಾನಾಗಿ ಕೆಳಗೆ ಒಂದು ಸಲಹೆ ಕೊಟ್ಟಿತು: 'ಆರೋಗ್ಯ ಸೇವೆಯ ಸ್ವಯಂಸೇವಕಿ ಎಂದು ಬರೆಯಲೇ?'

ಜೋರಾಗಿ ಹೇಳು ಅಂದಿದ್ದರಲ್ಲ, ಹೇಳಿದೆ. "ಸ್ವಯಂಸೇವಕಿ ಅಲ್ಲ ನಾನು. ಆ ಬಟ್ಟೆನ ಯಾರೂ ಸ್ವಂತ ಇಷ್ಟದಿಂದ ಮುಟ್ಟಲ್ಲ."

ಕನ್ನಡಿಯ ಹಿಂದೆ ಯಾರೋ ನಕ್ಕ ಹಾಗಾಯಿತು. ಕನ್ನಡಕದವಳು ಕೆನ್ನೆ ತುರಿಸಿಕೊಂಡಳು.

ಕೊನೆಯ ಪುಟ ಬೆರಳಿನದು. ಆ ಕಪ್ಪು ಗಾಜಿನ ಮೇಲೆ ಹೆಬ್ಬೆರಳು ಒತ್ತಬೇಕು. ನೀವು ಸುಳ್ಳು ಮನುಷ್ಯರಲ್ಲ ಎಂದು ಖಾತ್ರಿಯಾದರೆ ಹೆಸರಿನ ಮುಂದೆ ಹಸಿರು ಗುರುತು ಬರುತ್ತದೆ. ಹಸಿರು ಇದ್ದವರನ್ನು ಮಾತ್ರ ಕಂಪನಿಗಳು ನೋಡುತ್ತವೆ. ಒತ್ತಿದೆ. ಪರದೆ ಕೆಂಪಾಯಿತು. 'ಬೆರಳು ಸರಿಯಾಗಿ ಇಡಿ. ಮತ್ತೆ ಪ್ರಯತ್ನಿಸಿ.'

ಮತ್ತೆ ಇಟ್ಟೆ. ಕೆಂಪು. ತೋರುಬೆರಳು ಇಟ್ಟೆ, ಕಿರುಬೆರಳು ಇಟ್ಟೆ. ಕೆಂಪು, ಕೆಂಪು.

"ಜಿಡ್ಡಿರಬೇಕು. ಕೈ ತೊಳ್ಕೊಂಡು ಬನ್ನಿ," ಅಂದಳು ಕನ್ನಡಕದವಳು. ಒಂದು ಗಳಿಗೆ ಹಿಂದೆ ನಾನು ತಪ್ಪು ಮಾಡುವುದೇ ಇಲ್ಲ ಎಂದು ಓದಿದ್ದವಳು. ಕುಣಿಯಲು ಬಾರದವಳು ನೆಲ ಡೊಂಕು ಅಂದಳಂತೆ. ನೆಲ ನಾನಾಗಿದ್ದೆ.

ಹೂವಿನ ವಾಸನೆಯ ಸೋಪಿನಲ್ಲಿ ತೊಳೆದೆ. ಬಿಳೀ ಟವೆಲ್ಲಿನಲ್ಲಿ ಒರೆಸಿದೆ. ಬಂದು ಒತ್ತಿದೆ. ಕೆಂಪು.

ಕನ್ನಡಿಯ ಪಕ್ಕದ ಬಾಗಿಲು ತೆರೆದುಕೊಂಡಿತು. ಕಂಪನಿಯ ದೊಡ್ಡವರು ಬಂದರು. ಕೇಳಲಿಲ್ಲ, ಮಾಡಲಿಲ್ಲ, ನನ್ನ ಕೈ ಹಿಡಿದು ಬದನೆಕಾಯಿ ತಿರುಗಿಸಿ ಹುಳುಕು ನೋಡುವ ಹಾಗೆ ತಿರುಗಿಸಿ ನೋಡಿದರು.

"ಏನಾಗಿದೆ ಇದಕ್ಕೆ? ಚರ್ಮರೋಗನಾ?"

"ಸೋಡಾ, ಸಾರ್. ಗೆರೆ ಎಲ್ಲ ಸವೆದಿದೆ."

ಕೈ ಬಿಟ್ಟರು. ಬಿಟ್ಟ ಕೈಯನ್ನು ಪ್ಯಾಂಟಿಗೆ ಒರೆಸಿಕೊಂಡರು. ಅದನ್ನು ನಾನು ನೋಡಿದೆ. ನಾನು ನೋಡಿದ್ದನ್ನು ಕನ್ನಡಕದವಳು ನೋಡಿದಳು.

"ಸಾರ್, ಬೆರಳಿನ ಬದಲು ಗುಟ್ಟಿನ ನಂಬರ್ ಇಡಬಹುದಲ್ಲ?" ಕೇಳಿದೆ.

"ನಂಬರ್ ಬೇರೆಯವರಿಗೂ ಹೇಳ್ಬಿಡಬಹುದಮ್ಮ. ಬೆರಳು ಹಾಗಲ್ಲ. ನಿಮ್ಮ ಬೆರಳು ನಿಮ್ದೇ." ಅವರು ಕನ್ನಡಕದವಳ ಕಡೆ ತಿರುಗಿದರು. "ಇದು ಸಾವಿರಕ್ಕೊಂದು. ಇದಕ್ಕೋಸ್ಕರ ಪರೀಕ್ಷೆ ನಿಲ್ಲೋದು ಬೇಡ. ನಿನ್ನ ಬೆರಳು ಇಡು."

ಅವಳು ಇಟ್ಟಳು. ಉಗುರಿಗೆ ಬಣ್ಣ ಹಚ್ಚಿದ ಮೆತ್ತನೆಯ ಬೆರಳು. ನನ್ನ ಹೆಸರಿನ ಮುಂದೆ ಹಸಿರು ಮೂಡಿತು. ಪರದೆಯ ತುಂಬ ಅಕ್ಷರ ಬಂತು. 'ಅಭಿನಂದನೆಗಳು! ನೀವು ನೀವೇ ಎಂದು ಖಚಿತವಾಗಿದೆ.'

ನನ್ನ ಹೆಬ್ಬೆರಳನ್ನು ಒಮ್ಮೆ ತಿರುಗಿಸಿ ನೋಡಿಕೊಂಡೆ.

ದೊಡ್ಡವರು ಕುರ್ಚಿ ಎಳೆದುಕೊಂಡು ಕೂತರು. ಇದ್ದಕ್ಕಿದ್ದ ಹಾಗೆ ಮೆತ್ತಗಾದರು. ತಾಣ ತೆರೆಯುವ ದಿನ ವಿಶ್ವವಿದ್ಯಾಲಯದ ಸಭಾಂಗಣದಲ್ಲಿ ದೊಡ್ಡ ಸಮಾರಂಭವಿದೆ. ಕಂಪನಿಗಳ ಮುಖ್ಯಸ್ಥರು ಮುಂದಿನ ಸಾಲಿನಲ್ಲಿ ಕೂತಿರುತ್ತಾರೆ. ನಾನು ವೇದಿಕೆ ಹತ್ತಿ ಎಲ್ಲರೆದುರು ಬೆರಳು ಒತ್ತಿ ಹಸಿರು ತೋರಿಸಬೇಕು. ಬಟ್ಟೆ ಒಗೆದು ಮೇಲೆ ಬಂದ ಹುಡುಗಿ. ಅಲ್ಲಿಯೇ ಕೆಲಸ ಕೊಡಿಸುವ ಜವಾಬ್ದಾರಿ ಅವರದು.

"ಹಸಿರು ಬರಲ್ವಲ್ಲ ಸಾರ್."

"ಬರೋ ಹಾಗೆ ಮಾಡಿರ್ತೀವಿ. ಅವತ್ತು ಗಾಜಿನ ಮೇಲೆ ಏನಿಟ್ರೂ ಹಸಿರೇ. ನೀವು ಇಟ್ಟು ನಗಬೇಕು, ಅಷ್ಟೆ."

"ಆಮೇಲೆ? ನನ್ನ ಹಾಗೆ ಇರೋ ಬೇರೆಯವರು?"

"ಆಮೇಲಿಂದು ಆಮೇಲೆ ನೋಡೋಣ."

ಹೊರಡುವಾಗ ತಾಣದ ಹೆಸರು ಅಚ್ಚಾಗಿದ್ದ ಒಂದು ಪೆನ್ನು ಕೊಟ್ಟರು.

*

ಆಸ್ಪತ್ರೆಯ ಹಿಂದಿನ ಒಗೆಯುವ ಕೋಣೆಗೆ ಹೋದಾಗ ಅಮ್ಮ ಕಲ್ಲಿನ ಮುಂದೆ ಕೂತಿದ್ದಳು. ಒಗೆಯುವ ಯಂತ್ರ ಇಲ್ಲವೆಂದಲ್ಲ, ಇದೆ. ಆದರೆ ರಕ್ತ ಒಣಗಿದ ಬಟ್ಟೆಯನ್ನು ಮೊದಲು ಕೈಯಲ್ಲಿ ಉಜ್ಜಬೇಕು. ಇಲ್ಲದಿದ್ದರೆ ಯಂತ್ರದಲ್ಲಿ ಕಲೆ ಕೂತುಬಿಡುತ್ತದೆ. ಹೆರಿಗೆ ವಾರ್ಡಿನ ಬಟ್ಟೆ, ಸುಟ್ಟಗಾಯದವರ ಬಟ್ಟೆ, ಸತ್ತವರ ಕೆಳಗಿನಿಂದ ಎಳೆದ ಬಟ್ಟೆ. ಕೊಡವುವಾಗ ಸೂಜಿ ಚುಚ್ಚುತ್ತದೆ. ಒಮ್ಮೆ ಹಲ್ಲು ಸಿಕ್ಕಿತ್ತು. ಕೈಗವಸು ಕೊಡುತ್ತಾರೆ, ಕೊಟ್ಟ ವಾರಕ್ಕೇ ಹರಿಯುತ್ತದೆ, ಆಮೇಲೆ ಕೇಳಿದರೆ ನಿಮ್ಮ ಕೈಗಿಂತ ಅದಕ್ಕೇ ಖರ್ಚು ಜಾಸ್ತಿ ಅನ್ನುತ್ತಾರೆ. ಸೋಡಾ ನೀರು ಮೊದಲು ಉಗುರಿನ ಬುಡ ತಿನ್ನುತ್ತದೆ. ಆಮೇಲೆ ಬೆರಳ ತುದಿ. ಚರ್ಮ ಸುಲಿದು ಹೊಸದು ಬರುತ್ತದೆ, ಬಂದದ್ದು ಬೋಳಾಗಿ ಬರುತ್ತದೆ.

ನಾನೂ ಉಟ್ಟ ಬಟ್ಟೆ ಮೇಲಕ್ಕೆ ಕಟ್ಟಿ ಅವಳ ಎದುರು ಕೂತೆ. ಉಜ್ಜುತ್ತ ಎಲ್ಲ ಹೇಳಿದೆ.

"ಕೈ ತೊಳ್ಕೊಂಡು ಬಾ ಅಂದ್ರಾ?" ಅಮ್ಮ ಕೇಳಿದಳು.

"ಹೂಂ."

"ನೀನು ತೊಳ್ಕೊಂಡ್ಯಾ?"

"ತೊಳ್ಕೊಂಡೆ."

ಅಮ್ಮ ಕೈಯಲ್ಲಿದ್ದ ದಿಂಬಿನ ಚೀಲವನ್ನು ಹರಿದುಹೋಗುವ ಹಾಗೆ ಉಜ್ಜಿದಳು.

ಅಮ್ಮನಿಗೆ ಓದು ಬರಹ ಬಾರದು. ಸಂಬಳದ ದಿನ ಶಾಯಿಗೆ ಹೆಬ್ಬೆಟ್ಟು ಅದ್ದಿ ಒತ್ತುತ್ತಾಳೆ. ಬೇರೆಯವರ ಹೆಬ್ಬೆಟ್ಟಿನಲ್ಲಿ ಗೆರೆ ಇರುತ್ತದೆ, ಅಮ್ಮನದು ಬರೀ ಕಪ್ಪು ಮುದ್ದೆ. ಗುಮಾಸ್ತ ಪ್ರತಿ ಸಲ ಒಂದೇ ತಮಾಷೆ ಮಾಡುತ್ತಾನೆ. 'ಯಾರು ಒತ್ತಿದ್ರೇನು ಬಿಡ್ರೇ, ನಿಮ್ದೆಲ್ಲ ಒಂದೇ.' ಒಗೆಯುವ ಹೆಂಗಸರೂ ಅವನ ಜೊತೆ ನಗಬೇಕು. ನಗದಿದ್ದರೆ ಕೊಡುವುದು ತಡವಾಗುತ್ತದೆ. ಒಂದು ದಿನ ಅಲ್ಲಿಂದ ಬಂದವಳೇ ಅಮ್ಮ ನನ್ನ ಕೈಗೆ ಬಳಪ ಕೊಟ್ಟಿದ್ದಳು. ಹೆಬ್ಬೆಟ್ಟು ಒತ್ತುವುದು ನನ್ನ ತಲೆಗೇ ಮುಗಿಯಲಿ ಅಂದಿದ್ದಳು. ನಾನು ಹೆಸರು ಬರೆಯಲು ಕಲಿತ ದಿನ ಆ ಚೂರು ಕಾಗದವನ್ನು ಒಗೆಯುವ ಕೋಣೆಯ ತುಂಬ ಹಿಡಿದುಕೊಂಡು ಓಡಾಡಿದ್ದಳು.

ಈಗ ನನ್ನ ಪೆನ್ನು ತಗೊಂಡು ಹಿಂದೆ ಮುಂದೆ ನೋಡಿದಳು.

"ಇಷ್ಟು ಓದಿದ ಮೇಲೆ ಪೆನ್ನು ಕೊಟ್ಟು ಹೆಬ್ಬೆಟ್ಟು ಒತ್ತು ಅಂತಾರಾ? ಒಳ್ಳೆ ಕಥೆ."

"ಏನು ಮಾಡ್ಲಿ ಅಮ್ಮ?"

"ಏನು ಮಾಡೋದು? ಒತ್ತು."

"ಅದು ಸುಳ್ಳು."

"ನಾನು ಜೀವಮಾನ ಪೂರ್ತಿ ನಿಜವಾದ ಹೆಬ್ಬೆಟ್ಟೇ ಒತ್ತಿದ್ದು ಕಣೇ. ಏನು ಸಿಕ್ತು?" ಕೆಮ್ಮು ಬಂತು. ಬ್ಲೀಚಿಂಗ್ ಪುಡಿಯ ಕೆಮ್ಮು, ಒಮ್ಮೆ ಬಂದರೆ ಬೇಗ ಬಿಡುವುದಿಲ್ಲ. ಮುಗಿಸಿಕೊಂಡು ಹೇಳಿದಳು. "ನೀನು ಇಲ್ಲಿಂದ ಎದ್ದು ಹೋಗ್ಬೇಕು. ಹೇಗೆ ಹೋಗ್ತೀಯೋ ನಂಗೆ ಬೇಡ. ಕೈಗೆ ಬಂದ ತುತ್ತು ಚೆಲ್ಲಿದ್ರೆ ನನ್ನ ಮುಖ ನೋಡ್ಬೇಡ."

ಮರುದಿನ ತರಗತಿಯಲ್ಲಿ ಇಟ್ಟಿಗೆಗೆ ಹೇಳಿದೆ. ರಜೆಯಲ್ಲಿ ಕಟ್ಟಡದ ಕೆಲಸಕ್ಕೆ ಇಟ್ಟಿಗೆ ಹೊತ್ತು ಓದುವ ಹುಡುಗ ಅವನು. ಎಲ್ಲರೂ ಅವನನ್ನು ಇಟ್ಟಿಗೆ ಅಂತಲೇ ಕರೆಯುವುದು. ನನ್ನನ್ನು ಸೋಪು ಅನ್ನುತ್ತಾರೆ. ಒಂದೇ ಬೆಂಚು ನಮ್ಮದು, ಕೊನೆಯದು.

ಅವನು ತನ್ನ ಹೆಬ್ಬೆರಳು ತೋರಿಸಿದ. ಜಡ್ಡು ಕಟ್ಟಿ ಕಲ್ಲಾಗಿತ್ತು. "ನನ್ನ ಫೋನೇ ನನ್ನ ಗುರುತು ಹಿಡಿಯಲ್ಲ. ಸಾವಿರಕ್ಕೊಬ್ರು ಅಂದ್ರಾ? ಈ ಬೆಂಚಲ್ಲೇ ಇಬ್ರಿದ್ದೀವಿ. ಮುಂದಿನ ಬೆಂಚಲ್ಲಿ ಮೀನು ಹೆಚ್ಚೋಳಿದ್ದಾಳೆ. ಇವರಿಗೆ ಸಂಖ್ಯಾಶಾಸ್ತ್ರ ಹೇಳಿಕೊಟ್ಟೋರು ಯಾರು ಮಾರಾಯ್ತಿ?" ನಕ್ಕ. ಆಮೇಲೆ ನಗು ನಿಲ್ಲಿಸಿದ. "ನೀನೊಬ್ಳು ಹಸಿರಾದ್ರೆ ನಾವೆಲ್ಲ ಕೆಂಪು, ಸೋಪು. ನಾಳೆ ನಾವು ಹೋಗಿ ಆಗ್ತಿಲ್ಲ ಅಂದ್ರೆ, ಬಟ್ಟೆ ಒಗೆಯೋಳಿಗೇ ಆಯ್ತಲ್ಲ, ನಿಮಗೇನು ರೋಗ ಅಂತಾರೆ."

"ನಂಗೆ ಕೆಲಸ ಬೇಕು," ಅಂದೆ.

"ಗೊತ್ತು. ನಂಗೂ ಬೇಕು."

ಅವನು ಪುಸ್ತಕ ತೆರೆದು ಕೂತ. ಬೈದಿದ್ದರೆ ಚೆನ್ನಾಗಿತ್ತು. ಬಾಯಲ್ಲಿ ಬಿಸಿತುಪ್ಪ ಇಟ್ಟುಕೊಂಡ ಹಾಗೆ ಆ ವಾರ ಕಳೆದೆ.

*

ಸಮಾರಂಭದ ದಿನ ಕಂಪನಿಯವರು ಅಮ್ಮನಿಗೂ ಕಾರು ಕಳಿಸಿದರು. ತಾಯಿ ಮುಂದಿನ ಸಾಲಿನಲ್ಲಿದ್ದರೆ ಚೆನ್ನ ಎಂದು ಯಾರಿಗೋ ಹೊಳೆದಿತ್ತು. ಅಮ್ಮ ಇದ್ದುದರಲ್ಲಿ ಒಳ್ಳೆಯ ಬಟ್ಟೆಗೆ ಇಸ್ತ್ರಿ ಹಾಕಿ ಉಟ್ಟಿದ್ದಳು. ಕುರ್ಚಿಯ ತುದಿಯಲ್ಲಿ ಕೂತು ಎರಡೂ ಕೈಗಳನ್ನು ಸೆರಗಿನೊಳಗೆ ಮುಚ್ಚಿಕೊಂಡಳು. ಅವಳ ಪಕ್ಕ ಕಂಪನಿಗಳ ಮುಖ್ಯಸ್ಥರು. ಹಿಂದೆ ವಿದ್ಯಾರ್ಥಿಗಳು ಕಿಕ್ಕಿರಿದಿದ್ದರು. ಬಾಗಿಲ ಹತ್ತಿರ ಇಟ್ಟಿಗೆ ನಿಂತಿದ್ದು ಕಂಡಿತು.

ವೇದಿಕೆಯ ಮೇಲೆ ಗೋಡೆಯಷ್ಟು ಪರದೆ. ದೊಡ್ಡವರು ಮೈಕು ಹಿಡಿದು ಮಾತಾಡಿದರು. ಶ್ರಮ ಅಂದರು, ಕನಸು ಅಂದರು. ನನ್ನನ್ನು ಕರೆದರು. ಪರದೆಯ ಮೇಲೆ ನನ್ನ ಫೋಟೊ ಬಂತು.

ಮುಖ ನನ್ನದು. ಗಲ್ಲಕ್ಕೆ ಕೈ ಊರಿ ಕೂತಿದ್ದೇನೆ. ಆ ಕೈ ನನ್ನದಲ್ಲ. ನುಣ್ಣನೆಯ ಬೆರಳು, ಗುಲಾಬಿ ಉಗುರು. ನನ್ನ ಕೈ ತೆಗೆದು ಬೇರೆ ಯಾರದ್ದೋ ಕೈ ಅಂಟಿಸಿದ್ದರು. ಅಂಟಿಸಿದ್ದು ಗೊತ್ತೇ ಆಗದಷ್ಟು ಚೆನ್ನಾಗಿತ್ತು.

ಅಮ್ಮನ ಕಡೆ ನೋಡಿದೆ. ಅವಳು ಕಣ್ಣು ಕಿರಿದು ಮಾಡಿ ಆ ಫೋಟೊ ನೋಡುತ್ತಿದ್ದಳು. ಆಮೇಲೆ ಸೆರಗಿನೊಳಗಿಂದ ತನ್ನ ಕೈ ತೆಗೆದು ನೋಡಿಕೊಂಡಳು.

ಕೆಲಸ ಬೇಕು ಎಂದು ಆ ಗಳಿಗೆಯಲ್ಲೂ ಅನಿಸುತ್ತಿತ್ತು. ಕನ್ನಡಕದವಳು ಮೈಕು ತಂದುಕೊಟ್ಟಳು, ಜೊತೆಗೆ ಹೇಳಬೇಕಾದ ಮಾತು ಬರೆದ ಚೀಟಿ. ಮೇಜಿನ ಮೇಲೆ ಆ ಕಪ್ಪು ಗಾಜಿತ್ತು.

"ಇವರು ಏನೋ ಬರ್ಕೊಟ್ಟಿದ್ದಾರೆ," ಅಂದೆ. ನನ್ನ ದನಿ ಸಭಾಂಗಣದ ಮೂಲೆಮೂಲೆಗೂ ಹೋಯಿತು. "ಆದ್ರೆ ಮೊದಲನೇ ದಿನ ಇವರೇ ಹೇಳಿದ್ರು. ಮನಸ್ಸಿಗೆ ಬಂದಿದ್ದನ್ನೆಲ್ಲ ಜೋರಾಗಿ ಹೇಳು ಅಂತ. ಅದನ್ನೇ ಮಾಡ್ತೀನಿ. ಆ ಫೋಟೊದಲ್ಲಿರೋ ಕೈ ನಂದಲ್ಲ."

ಕೈಯೆತ್ತಿ ತೋರಿಸಿದೆ. "ನಂದು ಇದು. ಇದರಲ್ಲಿ ಗೆರೆ ಇಲ್ಲ. ಈ ತಾಣ ಇದನ್ನ ಒಪ್ಪಲ್ಲ. ಕೈ ತೊಳ್ಕೊಂಡು ಬಾ ಅಂತ ಕಳಿಸಿದ್ರು. ತೊಳ್ಕೊಂಡು ಬಂದೆ. ಆಗ್ಲೂ ಒಪ್ಪಲಿಲ್ಲ. ಇವತ್ತು ಒಪ್ಪುತ್ತೆ. ಯಾಕೆ ಗೊತ್ತಾ?"

ಚೀಲದಿಂದ ಪೆನ್ನು ತೆಗೆದೆ. ಅವರೇ ಕೊಟ್ಟ ಪೆನ್ನು. ಅದರ ತುದಿಯನ್ನು ಗಾಜಿನ ಮೇಲೆ ಇಟ್ಟೆ.

ಪರದೆ ಹಸಿರಾಯಿತು. 'ಅಭಿನಂದನೆಗಳು! ನೀವು ನೀವೇ ಎಂದು ಖಚಿತವಾಗಿದೆ.'

ಒಂದು ಗಳಿಗೆ ಯಾರಿಗೂ ಅರ್ಥವಾಗಲಿಲ್ಲ. ಆಮೇಲೆ ಹಿಂದಿನ ಸಾಲುಗಳಲ್ಲಿ ನಗು ಎದ್ದಿತು. ಬಾಗಿಲ ಹತ್ತಿರದಿಂದ ಇಟ್ಟಿಗೆ ಕೂಗಿದ, "ಚಪ್ಪಲಿ ಇಟ್ಟು ನೋಡು ಸೋಪು!"

ಬಗ್ಗಿ ಚಪ್ಪಲಿ ಬಿಚ್ಚಿದೆ. ಹಿಮ್ಮಡಿ ಸವೆದ ಚಪ್ಪಲಿ, ಆಸ್ಪತ್ರೆಯ ನೀರಿನಲ್ಲಿ ನೆನೆದು ನೆನೆದು ಬಣ್ಣ ಹೋದದ್ದು. ಗಾಜಿನ ಮೇಲೆ ಇಟ್ಟೆ. ಹಸಿರು. ಅಭಿನಂದನೆಗಳು. ನನ್ನ ಚಪ್ಪಲಿಯೂ ನಾನೇ ಎಂದು ತಾಣ ಒಪ್ಪಿಕೊಂಡಿತು. ನನ್ನ ಬೆರಳನ್ನು ಮಾತ್ರ ಅದು ಒಪ್ಪಿರಲಿಲ್ಲ.

ಈಗ ಯಾರೂ ನಗಲಿಲ್ಲ.

"ನಂಗೆ ಈ ಹಸಿರು ಬೇಡ," ಅಂದೆ. ಚಪ್ಪಲಿ ಮತ್ತೆ ಕಾಲಿಗೆ ಹಾಕಿಕೊಂಡೆ. "ಇಟ್ಟಿಗೆ ಹೊರೋನು ಅಲ್ಲಿ ನಿಂತಿದ್ದಾನೆ. ಮೀನು ಹೆಚ್ಚೋಳು ಅಲ್ಲಿ ಕೂತಿದ್ದಾಳೆ. ಅವರು ಕೆಂಪಾಗಿರೋ ಕಡೆ ನನ್ನ ಹೆಸರು ಹಸಿರಾಗಿರೋದು ಬೇಡ. ಅಳಿಸಿ. ನಮ್ಮಮ್ಮ ಹೆಬ್ಬೆಟ್ಟು ಒತ್ತಬಾರದು ಅಂತ ನನ್ನ ಓದಿಸಿದ್ದು. ನಂಗೆ ಸಹಿ ಮಾಡೋಕೆ ಬರುತ್ತೆ. ನಿಮ್ಮ ತಾಣದಲ್ಲಿ ಸಹಿ ಮಾಡೋ ಜಾಗ ಮಾಡಿ. ಆಮೇಲೆ ಕರೀರಿ."

ಚೀಟಿಯನ್ನು ಹರಿದು ಗಾಜಿನ ಪಕ್ಕ ಇಟ್ಟೆ. ಮುಂದಿನ ಸಾಲಿನಲ್ಲಿ ಒಬ್ಬರು ಗಡಿಯಾರ ನೋಡಿಕೊಂಡು ಎದ್ದರು. ಅವರ ಹಿಂದೆ ಇನ್ನೊಬ್ಬರು. ನನ್ನ ಕೆಲಸ ನನ್ನ ಕಣ್ಣೆದುರೇ ಎದ್ದು ಬಾಗಿಲ ಕಡೆ ನಡೆದು ಹೋಗುತ್ತಿತ್ತು. ಅಲ್ಲಿ ಇಟ್ಟಿಗೆ ಅವರಿಗೆ ದಾರಿ ಬಿಡದೆ ನಿಂತಿದ್ದ. ಅವನ ಪಕ್ಕಕ್ಕೆ ಇನ್ನೂ ಕೆಲವರು ಬಂದು ಸೇರಿದರು.

ದೊಡ್ಡವರು ನಗುಮುಖ ಹಾಗೇ ಇಟ್ಟುಕೊಂಡು ನನ್ನ ಮಣಿಕಟ್ಟು ಹಿಡಿದರು. ಮೂಳೆ ನೋಯುವ ಹಾಗೆ ಹಿಡಿದರು. "ಇಳಿ ಕೆಳಗೆ," ಹಲ್ಲು ಕಚ್ಚಿ ಅಂದರು. "ನಿನ್ನಂಥೋರನ್ನ ಮೇಲೆ ಹತ್ತಿಸಿದ್ದೇ ತಪ್ಪಾಯ್ತು."

ಆಗ ಅಮ್ಮ ಎದ್ದಳು. ವೇದಿಕೆಯ ಮೆಟ್ಟಿಲು ಹತ್ತಿ ಬಂದಳು. ಕೆಮ್ಮುತ್ತ ಬಂದಳು. ಕೆನ್ನೆಗೆ ಬಾರಿಸುತ್ತಾಳೆ ಅಂದುಕೊಂಡೆ. ತುತ್ತು ಚೆಲ್ಲಿದ್ದೆನಲ್ಲ, ಬಾರಿಸಿದರೆ ತಿನ್ನಬೇಕು ಎಂದು ಸುಮ್ಮನೆ ನಿಂತೆ. ಅವಳು ನನ್ನ ಮುಖ ನೋಡಲಿಲ್ಲ. ನನ್ನ ಮಣಿಕಟ್ಟಿನ ಮೇಲಿದ್ದ ಆ ಕೈ ನೋಡಿದಳು.

"ಕೈ ತೆಗೀರಿ ಸಾರ್," ಅಂದಳು.

ಅವರು ತೆಗೆಯಲಿಲ್ಲ. ಅಮ್ಮ ಒಂದೊಂದೇ ಬೆರಳು ಹಿಡಿದು ಬಿಡಿಸಿದಳು. ಒದ್ದೆ ಕಂಬಳಿ ಹಿಂಡಿ ಹಿಂಡಿ ಗಟ್ಟಿಯಾದ ಕೈ ಅದು. ಅವರ ಬೆರಳು ಬಿಟ್ಟುಕೊಂಡವು.

"ನನ್ನ ಮಗಳ ಕೈ ಇನ್ನೊಂದ್ಸಲ ಮುಟ್ಟೋದಾದ್ರೆ," ಅಮ್ಮ ಹೇಳಿದಳು, "ಮೊದ್ಲು ಹೋಗಿ ಕೈ ತೊಳ್ಕೊಂಡು ಬನ್ನಿ."

ಮೈಕು ನನ್ನ ಕೈಯಲ್ಲೇ ಇತ್ತು. ಅದನ್ನು ಯಾರೂ ಆರಿಸಿರಲಿಲ್ಲ.